ನಮ್ಮ ಆಯಿ ಅವರ ಪುಸ್ತಕದಲ್ಲಿ

ಬೀದರಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕನ್ನಡದ ಸರ್ ನಮಗೆಲ್ಲ ಒಂದು ಕೆಲಸ ಹಚ್ಚಿದರು. ಓದಿದ ಪುಸ್ತಕಗಳ ಬಗ್ಗೆ ಒಬ್ಬೊಬ್ಬರೂ ಬ್ಲಾಗ್ ಮಾಡಿ ಬರೆಯಬೇಕು, ಅದಕ್ಕೆ ಇಂಟರ್ನಲ್ ಅಂಕ. ಹೆಚ್ಚಿನವರು ಪುಸ್ತಕದ ಹಿಂದಿನ ರಟ್ಟಿನ ಮೇಲಿದ್ದದ್ದನ್ನೇ ಟೈಪ್ ಮಾಡಿ ಕೈತೊಳೆದುಕೊಂಡರು. ನನಗೆ ಮಾತ್ರ ಅದರ ಹುಚ್ಚು ಹಿಡಿಯಿತು.

ಶನಿವಾರ ಔರಾದಿನ ಮನೆಗೆ ಹೋಗುವಾಗ ಲೈಬ್ರರಿಯ ಒಂದು ಪುಸ್ತಕ ಚೀಲದಲ್ಲಿ ಇದ್ದೇ ಇರುತ್ತಿತ್ತು. ಆಯಿಗೆ, ಅಂದರೆ ಅವ್ವನ ತಾಯಿಗೆ, ಕಣ್ಣು ಮಂಜಾಗಿದ್ದವು. ನಾನು ಓದಿ ಹೇಳುತ್ತಿದ್ದೆ, ಆಕೆ ಗೋಡೆಗೆ ಆತುಕೊಂಡು ಕೇಳುತ್ತಿದ್ದಳು. ಒಮ್ಮೆ ಹಳೆಯದೊಂದು ಕಾದಂಬರಿ. ಅದರಲ್ಲಿ ಎಳೆಯ ಸೊಸೆ ನೀರಿಗೆ ಹೋಗಿ ಬಾವಿಯಲ್ಲಿ ಜಾರಿ ಬೀಳುತ್ತಾಳೆ. ಆ ಸಂಜೆಯ ವರ್ಣನೆಯೇ ಒಂದೆರಡು ಪುಟ.

“ನಿಲ್ಸು,” ಅಂದಳು ಆಯಿ. “ಆಕಿ ಜಾರಿಲ್ಲ.”

“ಆಯಿ, ಜಾರಿದಳಂತೇ ಬರ್ದಾರ.”

“ಬರ್ದಂವ ನೋಡ್ಯಾನೇನು? ನಮ್ಮ ತಂಗಿ ಸತ್ತಾಗೂ ಹಂಗೇ ಅಂದ್ರು. ನೀರಿಗಿ ಹೋದಾಕಿ ಕೊಡಾ ಮನ್ಯಾಗ ಬಿಟ್ಟು ಹೋಗ್ತಾಳೇನು? ಕೊಡಾ ಒಲಿ ಬಾಜೂಕೇ ಇತ್ತು. ನಾ ಕಣ್ಣಾರೆ ನೋಡೀನಿ.”

ಆಯಿಗೆ ತಂಗಿಯಿದ್ದಳು, ಕಮಲನಗರದ ಕಡೆ ಕೊಟ್ಟಿದ್ದರು ಎಂಬುದೇ ನನಗೆ ಅಂದು ತಿಳಿದದ್ದು. ಮುಂದಿನ ಪುಟ ಓದಲಾಗಲಿಲ್ಲ. ಆಯಿಯನ್ನು ಕೇಳಿ, ಆಕೆ ಹೂಂ ಅಂದ ಮೇಲೆ, ಆ ಮಾತನ್ನೆಲ್ಲ ಆಕೆ ಆಡಿದ ಹಾಗೇ ಬ್ಲಾಗಿನಲ್ಲಿ ಬರೆದೆ. ತಂಗಿಯ ಹೆಸರನ್ನೂ ಬರೆದೆ.

ಸರ್ ಸ್ಟಾಫ್ ರೂಮಿಗೆ ಕರೆದರು. “ವಿಷಯ ಛಲೋ ಅದ. ಆದ್ರ ಇದು ಬರೆಯೋ ಭಾಷಾ ಅಲ್ಲವ್ವಾ,” ಎಂದು ಅಂಕ ಕಡಿಮೆ ಹಾಕಿದರು.

ಅಷ್ಟರಲ್ಲಿ ಯಾರೋ ಅದರ ಲಿಂಕನ್ನು ವಾಟ್ಸಾಪಿನಲ್ಲಿ ಹರಿಬಿಟ್ಟರು. ಕಮಲನಗರದ ಬೀಗರು ಮರಾಠಿಯಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ಬೈದು ಅವ್ವನಿಗೆ ಫೋನ್ ಮಾಡಿದರು. ಅವ್ವ ಔರಾದಿನ ಆಸ್ಪತ್ರೆಯಲ್ಲಿ ನರ್ಸು. ಆ ಭಾನುವಾರ ಡ್ಯೂಟಿಯ ಸೀರೆಯಲ್ಲೇ ಮನೆಗೆ ಬಂದು ನನ್ನೆದುರು ನಿಂತಳು.

“ಅವರ ಮನ್ಯಾಗ ಲಗ್ನದ ಮಾತು ನಡದಾವ. ಸತ್ತಾಕಿ ಎದ್ದು ಬರ್ತಾಳೇನು? ಇದ್ದವರ ಇಜ್ಜತ್ ಯಾಕ ಕಳೀತಿ? ಅಳಸು. ಎಲ್ಲಾ ಅಳಸು.”

ಅಳಿಸಿದೆ. ಆಯಿ ಅಲ್ಲೇ ಕೂತಿದ್ದಳು. ಏನು ನಡೆದಿದೆ ಎಂದು ಕೇಳಿದ್ದಕ್ಕೆ ಅವ್ವ “ಏನಿಲ್ಲ, ಸಾಲಿ ಕೆಲಸ,” ಅಂದಳು. ಬ್ಲಾಗ್ ಇಲ್ಲದ್ದಕ್ಕೆ ಇದ್ದ ಅಂಕವೂ ಹೋದೀತೆಂದು ಮರುದಿನ ನಾನೇ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. “ಇರ್ಲಿ ಬಿಡು,” ಅಂದರು.

ಮುಂದಿನ ವರ್ಷ ಭಾಲ್ಕಿಯಲ್ಲಿ ಒಂದು ವಿಚಾರ ಸಂಕಿರಣ. ಕುರ್ಚಿ ತುಂಬಲಿಕ್ಕೆ ನಮ್ಮನ್ನೂ ಬಸ್ಸಿನಲ್ಲಿ ಒಯ್ದಿದ್ದರು. ಸರ್ ವೇದಿಕೆ ಮೇಲೆ ನಿಂತು ಅದೇ ಕಾದಂಬರಿಯ ಬಗ್ಗೆ ಓದತೊಡಗಿದರು. ಬಾವಿಯ ಪ್ರಸಂಗಕ್ಕೆ ಬಂದಾಗ ಕನ್ನಡಕ ತೆಗೆದು, ದನಿ ತಗ್ಗಿಸಿ, “ನನ್ನ ಅಜ್ಜಿ ಇದನ್ನು ಕೇಳಿ ಹೇಳಿದ್ದಳು,” ಅಂದರು. “ನೀರಿಗೆ ಹೋದವಳು ಕೊಡವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆಯೇ?” ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಗೆಳತಿಯೂ ತಟ್ಟಿದಳು.

ಊಟದ ಹೊತ್ತಿಗೆ ಅವರ ಮುಂದೆ ಹೋಗಿ ನಿಂತೆ. “ಸರ್, ಅದು ನಮ್ಮ ಆಯಿ ಹೇಳಿದ್ದುರಿ.”

ಅವರು ಬೆಚ್ಚಲೂ ಇಲ್ಲ. “ನೋಡವ್ವಾ, ಇಂಥಾ ಮುದುಕ್ಯಾರು ಈ ಭಾಗದಾಗ ಮನಿಗೊಬ್ಬರು ಇರ್ತಾರ. ನೀ ಬರ್ದದ್ದು ಎಲ್ಲದ? ತೋರ್ಸು.”

ಇಲ್ಲವೆಂದು ಗೊತ್ತಿದ್ದೇ ಕೇಳಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಮೆತ್ತಗೆ, “ಊಟಾ ಆಯ್ತಿಲ್ಲೋ ನಿಂದು?” ಅಂದರು. ಇವತ್ತಿಗೂ ನನ್ನ ಹೊಟ್ಟೆ ಉರಿಸುವುದು ಆ ಕೊನೆಯ ಮಾತು.

ಆಯಿಗೆ ಹೇಳಿದೆ. “ನಮ್ಮ ತಂಗಿ ಹೆಸರು ಹೇಳಿದನೇನು?” ಅಂದಳು.

“ಇಲ್ಲ.”

“ಹಂಗಾದ್ರ ಆಕಿಂದು ಹೇಳಿಲ್ಲ ಬಿಡು.”

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿರಬೇಕು, ಬಡಿಯುವ ಸದ್ದು ನಿಂತಿತು. ಹೊರಗೆ ಮಾತ್ರ ಬರಲಿಲ್ಲ. ಆಯಿ ತೀರಿಕೊಂಡ ಮೇಲೂ ನಾವಿಬ್ಬರೂ ಅದರ ಮಾತು ತೆಗೆದಿಲ್ಲ.

ಸರ್ ಅವರ ಬರಹಗಳು, ಭಾಲ್ಕಿಯಲ್ಲಿ ಓದಿದ್ದೂ ಸೇರಿ, ಈಗ ಪುಸ್ತಕವಾಗಿವೆ. ನಾನು ಠಾಣಾ ಕುಶನೂರಿನಲ್ಲಿ ಸಾಲಿ ಕಲಿಸುತ್ತೇನೆ, ಏನೂ ಬರೆಯುವುದಿಲ್ಲ. ಸರ್ ಇನ್ನೂ ಕಾಲೇಜಿನ ಮಕ್ಕಳಿಗೆ ಬ್ಲಾಗಿನ ಕೆಲಸ ಹಚ್ಚುತ್ತಾರೆ, ತಮ್ಮ ಪುಸ್ತಕವನ್ನೇ ಓದಲಿಕ್ಕೆ ಕೊಡುತ್ತಾರೆ. ಮೊನ್ನೆ ಒಬ್ಬ ಹುಡುಗಿಯ ಬ್ಲಾಗ್ ಕಣ್ಣಿಗೆ ಬಿತ್ತು. ಇಂಥ ಅಜ್ಜಿಯನ್ನು ಪಡೆದ ನಮ್ಮ ಗುರುಗಳು ಪುಣ್ಯವಂತರು ಎಂದು ಬರೆದಿದ್ದಳು. ಆ ಅಜ್ಜಿ ಔರಾದಿನಾಕೆ, ನನ್ನವಳು ಎಂದು ಕೆಳಗೆ ಕಮೆಂಟ್ ಬರೆದೆ. ಸಂಜೆ ನೋಡಿದರೆ ಅದನ್ನು ತೆಗೆದುಹಾಕಿದ್ದರು.