ಒಂದೇ ಉಸಿರಿನಲ್ಲಿ

ಚಿತ್ರದಕ್ಕ ಹೋದ ಬುಧವಾರ ಬೆಳಿಗ್ಗೆ ತೀರಿಕೊಂಡಳು. ಐವತ್ತೆಂಟು ವರ್ಷ. ಹಿಂದಿನ ದಿನ ಮಧ್ಯಾಹ್ನ ಗಿರಣಿಯ ಕ್ಯಾಂಟೀನಿನಿಂದಲೇ ಅವಳನ್ನು ಆಸ್ಪತ್ರೆಗೆ ಸಾಗಿಸಿದ್ದರು.

ಇಪ್ಪತ್ತು ವರ್ಷ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತವಳು. ಎದೆಗೆ ಧೂಳು ಹಿಡಿದ ಮೇಲೆ, ಹತ್ತಿ ಮೂಟೆಯ ಬೇಲುಗಳ ಮೇಲೆ ಬಣ್ಣದಲ್ಲಿ ಗುರುತು ಬರೆಯುವ ಕೆಲಸಕ್ಕೆ ಹಾಕಿದರು. ಕುಂಚ ಕೈಗಂಟಿಕೊಂಡದ್ದು ಅಲ್ಲಿ. ಆಮೇಲೆ ಗಿರಣಿ ದವಾಖಾನೆಯ ಸಿಸ್ಟರ್ ಅವಳನ್ನು ತನ್ನ ಜೊತೆಗೆ ಎಳೆದುಕೊಂಡಳು. ಸಿಸ್ಟರ್ ಧೂಳಿನ ಕಾಯಿಲೆಯ ಬಗ್ಗೆ ಭಾಷಣ ಮಾಡುವುದು, ಇವಳು ಪಕ್ಕದಲ್ಲಿ ನಿಂತು ದೊಡ್ಡ ಹಾಳೆಯ ಮೇಲೆ ಚಿತ್ರ ಬರೆಯುತ್ತ ಹೋಗುವುದು. ಇಬ್ಬರಲ್ಲಿ ಒಂದೇ ಕರಾರು: ಕೈ ನಿಂತ ಕಡೆ ಮಾತೂ ನಿಲ್ಲಬೇಕು. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ತೊಂದರೆಯೆಂದರೆ ಅವಳ ಚಿತ್ರ ತೀರಾ ಚೆನ್ನಾಗಿರುತ್ತಿತ್ತು. ಹಿಂದಿನ ತಿಂಗಳು ನೂಲುವ ವಿಭಾಗದಲ್ಲಿ ಶ್ವಾಸಕೋಶ ಬರೆದಾಗ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಒಬ್ಬ, “ಅಕ್ಕಾ, ಇದನ್ನ ನಮ್ಮನೆ ಗೋಡೆಗೆ ಕೊಡ್ತೀಯಾ?” ಎಂದು ಕೇಳಿದ. ಎದೆ ತಪಾಸಣೆಗೆ ಮಾತ್ರ ಒಬ್ಬನೂ ಹೆಸರು ಬರೆಯಲಿಲ್ಲ.

“ನಿನ್ ಚಿತ್ರ ನೋಡಿದ್ರೆ ಕಾಯಿಲೆ ಬಂದ್ರೇ ಚಂದ ಅನ್ಸುತ್ತೆ ಕಣೇ,” ಎಂದು ಸಿಸ್ಟರ್ ದಾರಿಯುದ್ದಕ್ಕೂ ಬೈದಳು.

“ಕೆಟ್ಟದಾಗಿ ಬರೆಯೋಕೆ ಕೈ ಬಗ್ಗಲ್ವಲ್ಲ, ಏನ್ ಮಾಡ್ಲಿ?”

ಆ ಮಂಗಳವಾರ ಕ್ಯಾಂಟೀನಿನಲ್ಲಿ ನಡೆದ ಸಭೆ ಹಿಂಜುವ ವಿಭಾಗದವರದು. ಎಕ್ಸ್‌ರೇ ವ್ಯಾನು ಅಂದು ಸಂಜೆವರೆಗೆ ಮಾತ್ರ ಅಂಗಳದಲ್ಲಿರುವುದಿತ್ತು. ಯಾರು ತಮ್ಮ ಕೈಯಾರೆ ಹೆಸರು ಬರೆಯುತ್ತಾರೋ ಅವರಿಗಷ್ಟೇ ತಪಾಸಣೆ. ಆ ವಿಭಾಗದಲ್ಲೇ ಅವಳ ತಮ್ಮನಿದ್ದ. ಒಂದು ವರ್ಷದಿಂದ ಕೆಮ್ಮುತ್ತಿದ್ದ. ಮನೆಯಲ್ಲಿ ಅಕ್ಕ ಬಾಯಿ ತೆರೆದರೆ, “ಎದೆ ವಿಷ್ಯ ಬಿಟ್ಟು ಬೇರೆ ಏನಾದ್ರೂ ಮಾತಾಡು” ಎಂದು ತಟ್ಟೆ ತೆಗೆದುಕೊಂಡು ಹೊರಗೆ ಹೋಗುತ್ತಿದ್ದ. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಯಂತ್ರದ ಕೆಲಸದಿಂದ ಎಬ್ಬಿಸುತ್ತಾರೆಂಬ ಭಯ ಅವನಿಗೆ.

ಪಾಳಿ ಶುರುವಾಗಲು ಇಪ್ಪತ್ತೇ ನಿಮಿಷ. ಮೇಸ್ತ್ರಿ ಗಡಿಯಾರದ ಕೆಳಗೇ ಕೂತಿದ್ದ. ಈ ಸಲ ಬಣ್ಣವೇ ಬೇಡವೆಂದು ಚಿತ್ರದಕ್ಕ ಬರೀ ಇದ್ದಿಲು ತಂದಿದ್ದಳು. ಎರಡು ಕಪ್ಪು ಶ್ವಾಸಕೋಶಗಳು ಹಾಳೆಯ ಮೇಲೆ ಮೂಡಿದವು.

“ಅಕ್ಕಾ, ಇದು ಚಿಟ್ಟೆನಾ?” ಎಂದ ಯಾರೋ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಕೊನೆಯ ಬೆಂಚಿನಿಂದ ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮ.

ಸಿಸ್ಟರ್ ಕಂಗೆಟ್ಟಳು. ಗೆಳತಿಯ ಕೈ ನಿಂತರೂ ಅವಳ ಮಾತು ನಿಲ್ಲಲಿಲ್ಲ, ಓಡತೊಡಗಿತು. ಆರು ನಿಮಿಷ ಉಳಿದಿತ್ತು. ಚಿತ್ರದಕ್ಕ ಇದ್ದಿಲನ್ನು ಮೇಜಿನ ಮೇಲಿಟ್ಟು ಅವಳ ಕೈಯಿಂದ ಮೈಕು ತೆಗೆದುಕೊಂಡಳು.

“ಚಿಟ್ಟೆ ಸಾಕು. ಒಂದಾಟ ಆಡೋಣ. ಒಂದೇ ಉಸಿರಲ್ಲಿ ಎಣಿಸ್ಬೇಕು. ಮೊದ್ಲು ಸಿಸ್ಟರ್.”

ಸಿಸ್ಟರ್ ಮೂವತ್ತೆಂಟರವರೆಗೆ ಎಣಿಸಿದಳು. ಮುಂದೇನೆಂದು ಅವಳಿಗೆ ಆಗಲೇ ಹೊಳೆದಿತ್ತು. “ಬೇಡ ಕಣೇ,” ಎಂದು ಗೆಳತಿಯ ತೋಳು ಹಿಡಿದಳು.

“ಈಗ ನಾನು,” ಎಂದಳು ಚಿತ್ರದಕ್ಕ.

ಒಂದು, ಎರಡು, ಮೂರು. ಐದಕ್ಕೆ ಕತ್ತಿನ ನರ ಉಬ್ಬಿತು. ಏಳಕ್ಕೆ ದನಿ ಹೋಗಿ ಗಾಳಿಯಷ್ಟೇ ಉಳಿಯಿತು. ಎದೆಯೊಳಗಿನ ಸಿಳ್ಳನ್ನು ಮೈಕು ನಾಲ್ಕೂ ಗೋಡೆಗೆ ಮುಟ್ಟಿಸಿತು. ನಗುವವರು ಯಾರೂ ಇರಲಿಲ್ಲ. ತಡೆಯಬಹುದಿತ್ತು. ಸಿಸ್ಟರ್ ಆ ಮೌನವನ್ನು ನೋಡಿದಳು, ಹಿಡಿದಿದ್ದ ತೋಳನ್ನು ಬಿಟ್ಟಳು. ಒಂಬತ್ತಕ್ಕೆ ತುಟಿ ಮಾತ್ರ ಆಡಿತು.

ಮೇಜಿಗೆ ಒರಗಿ ನಿಂತ ಚಿತ್ರದಕ್ಕ ಮೈಕನ್ನು ಕೊನೆಯ ಬೆಂಚಿನ ಕಡೆ ಚಾಚಿದಳು.

“ನನಗ್ಯಾಕೆ ಈ ಆಟ ಗೀಟ,” ಎಂದ ತಮ್ಮ.

“ಹೋಗಯ್ಯಾ, ಇಷ್ಟೊತ್ತು ನೀನೇ ಅಲ್ವಾ ಕಿಸೀತಿದ್ದಿದ್ದು,” ಎಂದು ಪಕ್ಕದವನು ತಿವಿದ.

ಅವನು ಎದೆ ಉಬ್ಬಿಸಿಕೊಂಡೇ ಬಂದ. ಗಡಿಬಿಡಿಯಲ್ಲಿ ಎಣಿಸಹೊರಟ. ಅಕ್ಕ ಅಂಗೈಯಿಂದ ಮೇಜು ತಟ್ಟಿ ತಾಳ ಹಾಕಿದಳು: ನಿಧಾನ, ನಿಧಾನ. ಹದಿನಾಲ್ಕಕ್ಕೆ ಅವನ ಉಸಿರು ಕಟ್ಟಿತು. ಮೈಕೇ ಕೆಟ್ಟಿದೆಯೇನೋ ಎಂಬಂತೆ ಅದನ್ನು ತಿರುಗಿಸಿ ನೋಡಿದ.

“ಇನ್ನೊಂದ್ಸಲ,” ಎಂದ. ಹದಿಮೂರು.

ಸೈರನ್ ಕೂಗಿತು. “ಏಳಿ, ಏಳಿ, ಹೊತ್ತಾಯ್ತು,” ಎಂದ ಮೇಸ್ತ್ರಿ. ಒಬ್ಬರೂ ಅಲ್ಲಾಡಲಿಲ್ಲ.

“ಎಲ್ಲಿ ಬರೀಬೇಕು ಅಕ್ಕ?” ಎಂದು ತಮ್ಮ ಮೆಲ್ಲಗೆ ಕೇಳಿದ.

ಅವಳು ಏದುಸಿರು ಬಿಡುತ್ತಲೇ ಪಟ್ಟಿಯ ಹಾಳೆಯನ್ನು ಅವನ ಮುಂದೆ ಸರಿಸಿದಳು. ಫ್ಯಾನಿನ ಗಾಳಿಗೆ ಅದು ಏಳತೊಡಗಿತು. ಅವನು ಒಂದೊಂದೇ ಅಕ್ಷರ ಬರೆದ. ಅವನ ಹಿಂದೆ ಸಾಲು ಬೆಳೆಯಿತು. ಸಿಸ್ಟರ್ ಕುರ್ಚಿ ತಂದು ಗೆಳತಿಯನ್ನು ಕೂರಿಸಿದಳು, ಆಂಬುಲೆನ್ಸಿಗೆ ಹೇಳಿಕಳಿಸಿದಳು, “ಬಿಡೇ, ನಾನು ಹಿಡ್ಕೋತೀನಿ” ಎಂದಳು. ಚಿತ್ರದಕ್ಕ ಬೇಡವೆಂದು ತಲೆಯಲ್ಲಾಡಿಸಿದಳು. ಕೊನೆಯವನು ಹೆಸರು ಬರೆದು ಪೆನ್ನು ಕೆಳಗಿಡುವವರೆಗೂ ಹಾಳೆ ಹಾರದಂತೆ ಅದರ ಎರಡೂ ಅಂಚುಗಳನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು.