ನಾಮಿನೇಟ್ ಆದವರು ಹದಿನಾರು ಮಂದಿ

ಎರಡು ತಾಸು ಹತ್ತು ನಿಮಿಷದ ವಿಡಿಯೋ ಕ್ಯಾಸೆಟ್. ಅದರಲ್ಲಿ ಅತ್ತವರು ಏಳು ಮಂದಿ. ತಾಯಿಗೆ ಥ್ಯಾಂಕ್ಸ್ ಹೇಳಿದವರು ಹನ್ನೊಂದು, ದೇವರಿಗೆ ಹೇಳಿದವರು ಒಂಬತ್ತು. ಮೊದಲಿನಿಂದ ಕೊನೆಯವರೆಗೆ ಪೂರ್ತಿ ಹಾಡಿದ ಹಾಡು ನಾಲ್ಕು.

ಹಾಡಿನ ವಿಡಿಯೋಗಳಿಗೆ ಪ್ರಶಸ್ತಿ ಕೊಡುವ ಸಮಾರಂಭ ಅದು. (ಎಣಿಕೆ ತಪ್ಪಿರಬೇಕೆಂದು ಕ್ಯಾಸೆಟ್ ತಿರುಗಿಸಿ ಇನ್ನೊಮ್ಮೆ ನೋಡಿದೆ. ನಾಲ್ಕೇ.)

ಕ್ಯಾಸೆಟ್ ದುಬೈಯಿಂದ ಬಂದದ್ದು. ನಮ್ಮ ಹಿಂದಿನ ಮನೆಯ ಖಲೀಲ್ ರಾಯಚೂರಿನಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದಾನೆ, ಮದುವೆಗಳನ್ನು ಶೂಟ್ ಮಾಡುತ್ತಾನೆ. ಅವನ ಭಾವಮೈದುನ ಅಲ್ಲಿನ ಟಿವಿಯಲ್ಲಿ ಬಂದ ಸಮಾರಂಭವನ್ನು ಹಾಗೇ ತುಂಬಿಸಿ ಕಳಿಸಿದ್ದ. ಖಲೀಲನ ಹೆಂಡತಿ ಶಾಹಿದಾ ನನ್ನ ಹೈಸ್ಕೂಲು ಗೆಳತಿ. ಹೀಗಾಗಿ ನಾನೂ ಹೋಗಿ ಕೂತೆ, ದಿನಚರಿ ಪುಸ್ತಕದ ಸಮೇತ.

ಆ ಸಮಾರಂಭದ ಪದ್ಧತಿ ಹೀಗೆ. ಒಂದೊಂದು ಬಹುಮಾನಕ್ಕೆ ಐದೈದು ಹೆಸರು ಓದುತ್ತಾರೆ. ಐದೂ ಮುಖ ಪರದೆಯ ಮೇಲೆ ಬರುತ್ತವೆ. ಆಮೇಲೆ ಒಬ್ಬರು ಪಾಕೀಟು ಹರಿದು ಒಂದು ಹೆಸರು ಹೇಳುತ್ತಾರೆ. ಉಳಿದ ನಾಲ್ವರು ಕೂತಲ್ಲೇ ನಕ್ಕು ಚಪ್ಪಾಳೆ ಹೊಡೆಯುತ್ತಾರೆ. ಸೋತ ಅರೆಕ್ಷಣದಲ್ಲಿ ಅಷ್ಟು ಚೆಂದ ನಗುವುದನ್ನು ಅವರಿಗೆ ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಖಲೀಲನಿಗೆ ಮಾತ್ರ ಬೇರೆ ಯೋಚನೆ ಬಂದಿತ್ತು.

"ಟೀಚರ್, ನನ್ನ ಅಂಗಡ್ಯಾಗ ಒಂದು ವರ್ಷದ್ದು ನಲವತ್ತಮೂರು ಮದಿವಿ ಕ್ಯಾಸೆಟ್ ಅವ. ಹಾಡೋರು, ಬಾರಿಸೋರು, ಊದೋರು ಎಲ್ಲಾ ಅದರಾಗ ಅದಾರ. ಅವೂ ಹಾಡಿನ ವಿಡಿಯೋನೇ ಅಲ್ಲೇನು? ನಾವೂ ಪ್ರೈಜ್ ಕೊಡೋಣ."

ಒಪ್ಪಿದೆ. ನಿಜ ಹೇಳಬೇಕೆಂದರೆ ಬಹಳ ಖುಷಿಯಿಂದ ಒಪ್ಪಿದೆ. ನಮ್ಮ ಕಡೆ ಮದುವೆಯಲ್ಲಿ ಹಾಡುವವರ ಹೆಸರನ್ನು ಯಾರಾದರೂ ಕೇಳಿದ್ದುಂಟೆ? ಸೋಬಾನದ ಹೆಣ್ಣುಮಕ್ಕಳು, ಢೋಲಕ್ ಹಿಡಿದು ಹಾಡುವ ಬೀಬಿಯರು, ಭಜನೆಯವರು, ಬಾಜಾದವರು: ನಾಲ್ಕು ವಿಭಾಗ ಮಾಡಿದೆವು. ಒಂದೊಂದಕ್ಕೆ ನಾಲ್ಕು ಹೆಸರು. ಮೂವರು ತೀರ್ಪುಗಾರರು ನಾಲ್ಕು ಭಾನುವಾರ ಖಲೀಲನ ಅಂಗಡಿಯಲ್ಲಿ ಕೂತು ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿದರು. ಕೂಡಿಸಿದವಳು ನಾನು. ಪಾಕೀಟಿನಲ್ಲಿ ಚೀಟಿ ಇಟ್ಟು ಅಂಟಿಸಿದವಳೂ ನಾನೇ.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಕಾಗದ ಬರೆದೆ.

"ನಿಮ್ಮ ಹೆಸರು ಸ್ಪರ್ಧೆಯಲ್ಲಿದೆ" ಎಂದು ಬರೆಯೋಣ ಅಂದೆ. ಖಲೀಲ್ ಒಪ್ಪಲಿಲ್ಲ. "ದುಬೈ ಕ್ಯಾಸೆಟ್ಟಿನ್ಯಾಗ ಅವರು ಬಾಯಿ ತೆಗೆದ್ರ ನಾಮಿನೇಟ್ ಅಂತಾರ. ಅದನ್ನ ಬಿಟ್ರ ಮಜಾನೇ ಹೋತಲ್ಲ, ಟೀಚರ್." ಸರಿ, ಹಾಗೇ ಬರೆದೆ. "ತಾವು ನಮ್ಮ ಹಾಡು-ವಿಡಿಯೋ ಪ್ರಶಸ್ತಿಗೆ ನಾಮಿನೇಟ್ ಆಗಿದ್ದೀರಿ. ಕುಟುಂಬ ಸಮೇತ ಬರಬೇಕು." ತಾರೀಕು ಹಾಕಿದೆ. ಖಲೀಲ್ ಸಹಿ ಮಾಡಿ, ಅಂಗಡಿಯ ದುಂಡು ಶಿಕ್ಕಾ ಒತ್ತಿದ. ಹದಿನಾರು ಕಾಗದ, ಹದಿನಾರು ಶಿಕ್ಕಾ.

ಓದುಗರೇ, ನಮ್ಮ ಜಿಲ್ಲೆಯಲ್ಲಿ ನಾಮಿನೇಟ್ ಎಂಬ ಮಾತಿಗೆ ಏನರ್ಥ? ನೀವೇ ಹೇಳಿ. ಊರ ಆಡಳಿತಕ್ಕೆ ಕೆಲವರು ಎಲೆಕ್ಷನ್ ನಿಂತು ಗೆದ್ದು ಬರುತ್ತಾರೆ. ಇನ್ನು ಕೆಲವರು ನಾಮಿನೇಟ್ ಆಗಿ ಬರುತ್ತಾರೆ. ಅವರಿಗೆ ನಿಲ್ಲುವ ಮಾತಿಲ್ಲ, ಸೋಲುವ ಮಾತಿಲ್ಲ. ಮೇಲಿನಿಂದ ಕಾಗದ ಬಂತೆಂದರೆ ಮುಗಿಯಿತು, ಹಾರ ಹಾಕಿಸಿಕೊಂಡು ಕುರ್ಚಿಯ ಮೇಲೆ ಕೂಡುವುದೊಂದೇ ಬಾಕಿ. ನಾಮಿನೇಟ್ ಆದ ಎಂದರೆ ಆದ.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೂ ಹದಿನಾರು ಸಲ ಅದೇ ಪದವನ್ನು ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ.

ಹೋದ ತಿಂಗಳು ಎಂಟನೇ ತಾರೀಕು, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಕಲ್ಯಾಣ ಮಂಟಪದಲ್ಲಿ ಎಂಬತ್ತು ಕುರ್ಚಿ ಹಾಕಿಸಿದ್ದೆವು. ಬಂದವರು ಇನ್ನೂರು ದಾಟಿದರು. ಟಿವಿಯಲ್ಲಿ ಬರದಿದ್ದರೆ ಅದೆಂಥ ಸಮಾರಂಭ ಎಂದು ಖಲೀಲ್ ತನ್ನ ಕ್ಯಾಮೆರಾದಿಂದ ವೈರ್ ಎಳೆದು, ಹೊರಗೆ ಬಯಲಲ್ಲಿ ಎರಡು ಟಿವಿ ಇಟ್ಟಿದ್ದ. ಒಂದು ಕಲರ್, ಒಂದು ಬ್ಲಾಕ್ ಆಂಡ್ ವೈಟ್. ಒಳಗೆ ನಡೆದದ್ದು ಅದೇ ಗಳಿಗೆಗೆ ಹೊರಗೂ ಕಾಣಬೇಕು. ಒಳಗಿನಷ್ಟೇ ಮಂದಿ ಹೊರಗೂ ಇದ್ದರು.

ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವಳಿಗೆ ಮೊದಲು ಕಂಡದ್ದು ಹಾರ. ಗೂಗಲ್ ಎಂಬ ಊರಿನ ಭಜನೆಯ ಶರಣಪ್ಪಜ್ಜನ ಕೊರಳಲ್ಲಿ ಹಾರ. ಮಸರಕಲ್ಲಿನ ಸೋಬಾನದ ಅವ್ವನ ಕೊರಳಲ್ಲಿ ಹಾರ. ಊರು ಬಿಡುವಾಗಲೇ ಊರವರು ಹಾಕಿ ಕಳಿಸಿದ್ದು. ಎಣಿಸುತ್ತಾ ಹೋದೆ. ಹದಿನಾರು ಕೊರಳು, ಹದಿನಾರು ಹಾರ. ಮೇಜಿನ ಮೇಲಿದ್ದ ಬಹುಮಾನದ ಕಪ್ಪು ನಾಲ್ಕು.

ಕಪ್ಪುಗಳನ್ನು ಇನ್ನೊಮ್ಮೆ ಎಣಿಸಿದೆ. ನಾಲ್ಕೇ.

ಕೊನೆಗೆ ಬಂದವನು ಮಾನ್ವಿಯ ಯಲ್ಲಪ್ಪ. ಬಾಜಾ ಮೇಳದ ಕ್ಲಾರಿನೆಟ್ಟಿನವನು. ಟೆಂಪೋ ಮಾಡಿಕೊಂಡು ಇಪ್ಪತ್ತೆರಡು ಮಂದಿಯನ್ನು ಕರೆತಂದಿದ್ದ. ಕಂಕುಳಲ್ಲಿ ಕ್ಲಾರಿನೆಟ್ಟಿನ ಚೀಲವಿತ್ತು. ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಯವ್ವಾ, ನಮ್ಮ ಬೀಗರೂ ಬಂದಾರ. ಅವರನ್ನ ಮುಂದಿನ ಸಾಲಿನ್ಯಾಗ ಕುಂದ್ರಸು."

ಬೀಗರು, ಅಂದರೆ ಯಲ್ಲಪ್ಪನ ಮಗಳ ಮಾವ ನರಸಪ್ಪ, ಸರಕಾರಿ ಕಚೇರಿಯೊಂದರಲ್ಲಿ ಜವಾನರು. ಮಗನಿಗೆ ಮಾಸ್ತರಿಕೆ ಸಿಕ್ಕ ಮೇಲೆ ಯಲ್ಲಪ್ಪನಿಗೆ ಒಂದು ಮಾತು ಹೇಳಿದ್ದರಂತೆ. "ನಮ್ಮ ಮಂದಿ ಈಗ ಸರ್ವಿಸ್‌ಗೆ ಬಂದಾರ. ಬೀಗ ಊರೂರು ಪೀಪಿ ಊದಿಕೋತ ತಿರುಗಿದ್ರ ಚಂದ ಕಾಣಂಗಿಲ್ಲ. ಬಿಟ್ಟುಬಿಡ್ರಿ." ಯಲ್ಲಪ್ಪ ಎರಡು ತಿಂಗಳು ಕ್ಲಾರಿನೆಟ್ ಮುಟ್ಟಿರಲಿಲ್ಲ. ಅಷ್ಟರಲ್ಲಿ ನನ್ನ ಕಾಗದ ಹೋಗಿದೆ. ಯಲ್ಲಪ್ಪನಿಗೆ ಓದಲು ಬರುವುದಿಲ್ಲ. ಓದಿ ಹೇಳಿದವರು ಇದೇ ಬೀಗರು.

"ಕಾಗದ ನೋಡಿ ಅವರೇ ಅಂದ್ರವ್ವಾ. 'ನಾಮಿನೇಟ್ ಆಗೀರಿ, ಪ್ರೈಜ್ ಬಂತು ಅಂತ ತಿಳಕೋರಿ. ಹೋಗಿ ತಗೊಂಡ ಬರೋಣು. ಆಮ್ಯಾಲ ನೀವು ಊದ್ರಿ, ನಾ ಒಂದು ಮಾತೂ ಅನ್ನಂಗಿಲ್ಲ' ಅಂತ."

ಇಷ್ಟು ಹೇಳಿ ಯಲ್ಲಪ್ಪ ಹೋಗಿ ಕೂತ. ನನ್ನ ಚೀಲದಲ್ಲಿ ಬಾಜಾ ವಿಭಾಗದ ಪಾಕೀಟಿತ್ತು. ಅದರೊಳಗೆ ಏನಿದೆ ಎಂದು ಆ ಮಂಟಪದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ದೇವದುರ್ಗದ ಬಸಣ್ಣ, ಇಪ್ಪತ್ತೆಂಟು. ಮಾನ್ವಿಯ ಯಲ್ಲಪ್ಪ, ಇಪ್ಪತ್ತೇಳು.

ಒಂದು ಅಂಕ. ಪೆನ್ನು ಕೈಯಲ್ಲೇ ಇತ್ತು. ಇನ್ನೊಂದು ಚೀಟಿ ಬರೆಯಲು ಅರ್ಧ ನಿಮಿಷ ಸಾಕಿತ್ತು. ಆದರೆ ಬಸಣ್ಣನೂ ಹಾರ ಹಾಕಿಕೊಂಡೇ ಬಂದಿದ್ದ. ಅಲ್ಲದೆ ಆರು ವರ್ಷದ ನನ್ನ ದಿನಚರಿಗಳಲ್ಲಿ ಒಂದು ಅಂಕಿಯನ್ನೂ ತಿದ್ದಿಲ್ಲ. ಪೆನ್ನನ್ನು ಚೀಲದಲ್ಲಿ ಹಾಕಿ ಝಿಪ್ ಎಳೆದೆ.

ಸಮಾರಂಭ ಸುರುವಾಯಿತು. ಮೊದಲು ಭಜನೆ. ಕ್ಯಾಸೆಟ್ಟಿನಲ್ಲಿ ನೋಡಿದ ಹಾಗೆ ಖಲೀಲ್ ನಾಲ್ಕು ಹೆಸರನ್ನು ರಾಗವಾಗಿ ಓದಿದ. ನಾಲ್ವರೂ ಎದ್ದು ಸ್ಟೇಜ್ ಹತ್ತಿದರು. ಹೆಸರು ಕರೆದ ಮೇಲೆ ಹತ್ತದೇ ಇರುತ್ತಾರೆಯೇ? ಪಾಕೀಟು ಹರಿದ. ಒಂದು ಹೆಸರು ಬಂತು. ಒಬ್ಬರಿಗೆ ಕಪ್ಪು ಕೊಟ್ಟ. ಉಳಿದ ಮೂವರು ಅಲ್ಲೇ ನಿಂತರು.

"ನಮ್ಮದು?" ಎಂದರು ಶರಣಪ್ಪಜ್ಜ.

"ಅಜ್ಜಾರ, ನೀವು ಬರೇ ನಾಮಿನೇಟ್ ಆಗೀರಿ. ಇಳೀರಿ."

"ಇಳಿಯೂದು ಅಂದ್ರ?"

"ಅಂದ್ರ... ಪ್ರೈಜ್ ಅವರಿಗೆ ಬಂತು. ನಿಮಗ ಬರಲಿಲ್ಲ."

"ಸೋತೀವಿ ಅನ್ನು."

"ಹಂಗಲ್ಲ ಅಜ್ಜಾರ..."

"ಸೋಲಾಕ ನಾವೇನು ಎಲೆಕ್ಷನ್ ನಿಂತಿದ್ದೆವೇನೋ? ನಮ್ಮೂರಾಗ ನಾವು ಭಜನಿ ಮಾಡಿಕೊಂಡು ಸುಮ್ಮ ಇದ್ದೀವಿ. ನೀನೇ ನಾಮಿನೇಟ್ ಮಾಡಿ, ನೀನೇ ಕರಿಸಿ, ನೀನೇ ಸೋಲಿಸಿದಿ."

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ನನಗೆ ಬರೆದು ತಿಳಿಸಿ. ಖಲೀಲ್ ಮೈಕಿನ ವೈರ್ ಸರಿಪಡಿಸತೊಡಗಿದ. ಮೈಕ್ ನಡೆಯುತ್ತಿತ್ತು, ಕ್ಯಾಮೆರಾ ನಡೆಯುತ್ತಿತ್ತು, ಹೊರಗೆ ಎರಡೂ ಟಿವಿಯಲ್ಲಿ ಮೂವರು ಹಿರಿಯರು ಬರಿಗೈಯಲ್ಲಿ ನಿಂತಿದ್ದರು. ಬಯಲಿಂದ ಸಿಳ್ಳೆ ಕೇಳಿಸಿತು.

ಮುಂದಿನದು ಸೋಬಾನ. ಖಲೀಲ್ ಕೈಮುಗಿದು, "ಹೆಸರು ಓದಿದ ಮ್ಯಾಲ ಕುಂತಲ್ಲೇ ಕುಂದ್ರಿ" ಅಂದ. ನಾಲ್ಕು ಹೆಣ್ಣುಮಕ್ಕಳೂ ಹತ್ತಿಯೇ ಬಂದರು. ಕಪ್ಪು ಒಬ್ಬರಿಗೆ ಹೋದಾಗ ಮಸರಕಲ್ಲಿನ ಅವ್ವ ಸೆರಗು ಸಿಗಿಸಿ ಮೈಕಿನ ಮುಂದೆ ಬಂದಳು. "ಕೊಡದಿದ್ರ ಬ್ಯಾಡ. ಬಂದೀವಿ, ಹಾಡಿ ಹೋಗ್ತೀವಿ." ಮೂವರೂ ಹಾಡಿದರು, ಪಲ್ಲವಿಯಿಂದ ಕೊನೆಯ ನುಡಿಯವರೆಗೆ. ಗೆದ್ದವಳಿಗೆ ಕಪ್ಪನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕೆಳಗಿಟ್ಟು ಅವಳೂ ದನಿಗೂಡಿಸಿದಳು. ಢೋಲಕಿನ ಬೀಬಿಯರೂ ಅದನ್ನೇ ಮಾಡಿದರು. (ಆ ದಿನ ಪೂರ್ತಿ ಹಾಡಿದ ಹಾಡುಗಳು ಹನ್ನೊಂದು. ಇದನ್ನು ದುಬೈಗೆ ತಿಳಿಸಬೇಕು.)

ಕೊನೆಗೆ ಬಾಜಾ. ನಾಲ್ವರು ಸ್ಟೇಜ್ ಮೇಲೆ. ಬಸಣ್ಣನ ಹೆಸರು ಬಂತು. ಅವನು ಕಪ್ಪು ತೆಗೆದುಕೊಂಡು ಇಳಿದ. ಇನ್ನಿಬ್ಬರು ಗೊಣಗುತ್ತಾ ಇಳಿದರು. ಯಲ್ಲಪ್ಪ ಇಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಬೀಗರು ಕೂತ ಕಡೆ ಒಮ್ಮೆ ನೋಡಿದ. ಆಮೇಲೆ ನಿಧಾನ ನಡೆದು, ಸ್ಟೇಜಿನ ಮೂಲೆಯಲ್ಲಿದ್ದ ನನ್ನ ಮೇಜಿಗೆ ಬಂದು, ಅಂಗಿಯೊಳಗಿಂದ ಕಾಗದ ತೆಗೆದು ಬಿಚ್ಚಿ ಇಟ್ಟ.

"ಇದು ನಿನ್ನ ಅಕ್ಷರ ಅಂತಲ್ಲವ್ವಾ. ನಾಮಿನೇಟ್ ಅಂದ್ರ ಏನು? ಕನ್ನಡದಾಗ ಹೇಳು."

ಆಯ್ಕೆ ಎನ್ನಲೇ? ಆಯ್ಕೆಯಾದ ಮೇಲೆ ಕಪ್ಪು ಕೊಡಬೇಕು. ಸ್ಪರ್ಧಿ ಎನ್ನಲೇ? ಅವನು ಯಾವ ಸ್ಪರ್ಧೆಗೂ ಬಂದವನಲ್ಲ. "ಹೆಸರು ಓದ್ತಾರ, ಅಷ್ಟ" ಅಂದೆ.

"ಬರೇ ಓದಾಕೇನು?"

ಅಷ್ಟರಲ್ಲಿ ನರಸಪ್ಪನವರು ಮೆಟ್ಟಿಲು ಹತ್ತಿ ಬಂದರು. ಈಗ ಬೀಗನಿಗೆ ಎಲ್ಲರೆದುರು ಏನು ಹೇಳುತ್ತಾರೋ. ಅವರು ಯಲ್ಲಪ್ಪನ ಮುಖ ನೋಡಲೇ ಇಲ್ಲ. ಕಾಗದ ಎತ್ತಿಕೊಂಡು ಮೈಕಿನ ಮುಂದೆ ನಿಂತರು.

"ನಾಮಿನೇಟ್ ಆಗಿದ್ದೀರಿ ಅಂತ ಬರದದ. ಆಗಬಹುದು ಅಂತ ಬರದಿಲ್ಲ. ತಾರೀಕು ಅದ, ಸಹಿ ಅದ, ದುಂಡು ಶಿಕ್ಕಾ ಅದ. ಇಪ್ಪತ್ತಾರು ವರ್ಷ ಕಚೇರ್ಯಾಗ ಕಾಗದ ನೋಡೀನಿ. ಬರದುಕೊಟ್ಟದ್ದನ್ನ ಬಾಯಿಲೆ ರದ್ದು ಮಾಡಾಕ ಬರಂಗಿಲ್ಲ."

"ಚಾಚಾ, ಅರ್ಥ ಹಂಗಲ್ಲ" ಎಂದ ಖಲೀಲ್.

"ಅರ್ಥ ನನಗ ಹೇಳ್ತೀಯೇನು? ಓದಿ ಹೇಳಿದಾವ ನಾನು."

ಅಲ್ಲಿತ್ತು ವಿಷಯ. ಬೀಗನ ಊದುವಿಕೆ ಮೇಲೋ ಕೀಳೋ, ಅದನ್ನು ಆಮೇಲೆ ನೋಡಬಹುದು. ತಾವು ಓದಿ ಹೇಳಿದ ಕಾಗದದ ಅರ್ಥ ತಪ್ಪಾಯಿತೆಂದು ಇಡೀ ಮಾನ್ವಿಗೆ ಗೊತ್ತಾಗುವುದನ್ನು ಅವರು ಸಹಿಸುವುದು ಹೇಗೆ? ಯಲ್ಲಪ್ಪನ ಹೆಗಲ ಮೇಲೆ ಕೈ ಹಾಕಿ ಕ್ಯಾಮೆರಾದ ಕಡೆ ತಿರುಗಿಸಿದರು.

"ಕಪ್ಪು ಅವರಿಗೆ ಕೊಟ್ಟಾರ, ಇಟ್ಟುಕೊಳ್ಳಲಿ. ಕಾಗದದ ಪ್ರಕಾರ ನಾಮಿನೇಟ್ ಆದವರು ನಮ್ಮ ಬೀಗರು. ಬೀಗರ, ಕ್ಲಾರಿನೆಟ್ ತಗೀರಿ."

ಪೀಪಿ ಎನ್ನಲಿಲ್ಲ. ಕ್ಲಾರಿನೆಟ್ ಎಂದರು. ಯಲ್ಲಪ್ಪ ಎರಡು ತಿಂಗಳ ಮೇಲೆ ಊದಿದ. ಇಪ್ಪತ್ತೇಳಕ್ಕಿಂತ ಚೆನ್ನಾಗಿ ಊದಿದ. ಹೊರಗೆ ನೋಡುತ್ತಿದ್ದವರು ಟಿವಿ ಬಿಟ್ಟು ಒಳಗೆ ನುಗ್ಗಿದರು.

ಇಲ್ಲಿಗೆ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮುಗಿಯಲಿಲ್ಲ.

ಹೋದ ವಾರ ಮಾನ್ವಿಯಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಮದುವೆ. ಮೆರವಣಿಗೆಯ ಮುಂದೆ ಯಲ್ಲಪ್ಪನ ಮೇಳ. ದೊಡ್ಡ ಡೋಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ: ನಾಮಿನೇಟ್ ಆದ ಮೇಳ. ಪಕ್ಕದಲ್ಲಿ ನರಸಪ್ಪನವರು, ಕೇಳಿದವರಿಗೂ ಕೇಳದವರಿಗೂ ಅರ್ಥ ಬಿಡಿಸುತ್ತಾ. ನೀರಮಾನ್ವಿಯ ಇನ್ನೊಂದು ಮೇಳವೂ ಬರೆಸಿದೆಯಂತೆ. ಗೂಗಲ್ಲಿನ ಶರಣಪ್ಪಜ್ಜ ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ಹೊಡೆಸಿದ್ದಾರಂತೆ. ಹದಿನಾರು ಕಾಗದದಲ್ಲಿ ಹೀಗೆ ಮೆರೆಯುತ್ತಿರುವವು, ಇದುವರೆಗೆ ನನ್ನ ಕಿವಿಗೆ ಬಿದ್ದಂತೆ, ಒಂಬತ್ತು.

ಮೊನ್ನೆ ಗುರುವಾರ, ನಾಲ್ಕನೇ ಪಿರಿಯಡ್. ಶಾಲೆಯ ಬಾಗಿಲಲ್ಲಿ ಬಸಣ್ಣ. ದೇವದುರ್ಗದಿಂದ ಬಸ್ಸು ಹಿಡಿದು ಬಂದಿದ್ದಾನೆ. ಕೈಚೀಲದಲ್ಲಿ ಕಪ್ಪು. ಗೆದ್ದವನ ಮುಖ ಹಾಗೆ ಬಾಡಿರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಟೀಚರ್ರ, ಇದನ್ನ ತೋರಿಸಿದ್ರ ಮಂದಿ ನಗ್ತಾರ್ರಿ. ಕಪ್ಪು ಯಾವ ಅಂಗಡ್ಯಾಗಾದ್ರೂ ಸಿಗ್ತದ, ಕಾಗದ ಎಲ್ಲಿ ಅದ ಅಂತಾರ. ಮದಿವಿ ಎಲ್ಲಾ ಮಾನ್ವಿಯವರಿಗೆ ಹೊಂಟಾವ."

"ನಿನಗೂ ಕಾಗದ ಕಳಿಸಿದ್ದೆವಲ್ಲೋ."

"ಕಪ್ಪು ಬಂತಲ್ಲ, ಇನ್ಯಾಕ ಅಂತ ಎಲ್ಲೆ ಒಗದೆನೋ ಏನೋ." ತಲೆ ಕೆರೆದುಕೊಂಡ. "ನನಗೂ ಒಂದು ನಾಮಿನೇಟ್ ಮಾಡಿಕೊಡ್ರಿ. ಬೇಕಾದ್ರ ಈ ಕಪ್ಪು ನೀವೇ ಇಟ್ಟುಕೋರಿ."

ಕಪ್ಪು ಈಗ ನನ್ನ ಮೇಜಿನ ಮೇಲಿದೆ, ಎಷ್ಟು ಹೇಳಿದರೂ ಬಿಟ್ಟೇ ಹೋದ. ಪಕ್ಕದಲ್ಲಿ ಬಿಳಿ ಹಾಳೆ. "ತಾವು ನಾಮಿನೇಟ್ ಆಗಿದ್ದೀರಿ" ಎಂದು ಬರೆದಾಗಿದೆ. ಖಲೀಲ್ ಶಿಕ್ಕಾ ಹಿಡಿದು ಕೂತಿದ್ದಾನೆ. ಆರು ವರ್ಷದಿಂದ ದಿನ ತಪ್ಪದೆ ತಾರೀಕು ಹಾಕಿಕೊಂಡು ಬಂದವಳಿಗೆ ಒಂದೇ ಒಂದು ತಿಳಿಯದು, ನೀವಾದರೂ ಹೇಳಿ: ಗೆದ್ದು ಒಂದು ತಿಂಗಳಾದ ಮೇಲೆ ನಾಮಿನೇಟ್ ಆಗುವವನ ಕಾಗದಕ್ಕೆ ಯಾವ ತಾರೀಕು ಹಾಕಲಿ?