ಬಾಗಿಲು ಬಿಡದ ಗುಲಾಬಿ ಅಕ್ಕ

ಬೆಳಗಿನ ಆರೂಮುಕ್ಕಾಲು. ಆಸ್ಪತ್ರೆಯ ನಾಲ್ಕನೇ ಮಹಡಿ. ಈಗಷ್ಟೇ ಒರೆಸಿದ ನೆಲ ಇನ್ನೂ ಆರಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಹೆಂಗಸು ನಿಂತಿದ್ದಾರೆ. ಕೈಯಲ್ಲಿ ಗುಲಾಬಿ ಬಣ್ಣದ ದ್ರವದ ಪುಟ್ಟ ಬಾಟಲಿ. ಇಲ್ಲಿ ನಿಲ್ಲಬಾರದೆಂದು ಅವರಿಗೆ ಆದೇಶವಾಗಿದೆ. ಆದರೂ ನಿಂತಿದ್ದಾರೆ.

ಆ ಬಾಟಲಿಯಿಂದಲೇ ಇಡೀ ಆಸ್ಪತ್ರೆಗೆ ಇವರು ಗುಲಾಬಿ ಅಕ್ಕ. ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಅದರಲ್ಲಿ ಹನ್ನೊಂದು ವರ್ಷ ಒಂದೇ ಕೆಲಸ. ಸ್ತನದ ಗೆಡ್ಡೆ ತೆಗೆಯುವಾಗ ಸುತ್ತಲಿನ ಕೊಬ್ಬೂ ಒಂದಿಷ್ಟು ಬರುತ್ತದೆ. ಪರೀಕ್ಷೆಗೆ ಬೇಕಾದ್ದು ಹೋಗಿ ಉಳಿದ ಕೊಬ್ಬನ್ನು, ಕಣಗಳನ್ನು ಬದುಕಿಸಿಡುವ ಈ ಗುಲಾಬಿ ದ್ರವದಲ್ಲಿ ಹಾಕಿ, ಜೀವವಿರುವಾಗಲೇ ನೆಲಮಹಡಿಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನೂರಾ ನಾಲ್ಕು ಮೆಟ್ಟಿಲು, ಆರು ನಿಮಿಷ. ಲಿಫ್ಟಿನ ಸಹವಾಸ ಇಲ್ಲ. "ಒಂದ್ಸಲ ಅದು ನಡುವೆ ನಿಂತು ನಲವತ್ತು ನಿಮಿಷ ತಿಂದುಹಾಕ್ತು. ನನ್ನ ಮಂಡಿ ಅಷ್ಟು ಮೋಸ ಮಾಡಿಲ್ಲ" ಎನ್ನುತ್ತಾರೆ. ಮನೆಯಲ್ಲಿ ಟೈಲರ್ ಗಂಡನಿಗೆ ಇದೇ ತಮಾಷೆ: "ಲೋಕವೆಲ್ಲ ಕೊಬ್ಬು ಇಳಿಸೋಕೆ ಓಡುತ್ತೆ, ನನ್ನ ಹೆಂಡ್ತಿ ಹೊತ್ಕೊಂಡು ಓಡ್ತಾಳೆ."

ಕೊಬ್ಬಿನಲ್ಲಿ ಏನಿದೆ ಎಂದು ಕೇಳಿದರೆ, ಪ್ರಯೋಗಾಲಯದ ಮೇಡಂ ಹೇಳಿಕೊಟ್ಟದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. "ಅದರೊಳಗೆ ಸ್ಟೆಮ್ ಸೆಲ್ ಅಂತ ಇರ್ತವೆ. ಗಾಯ ಮಾಯಿಸೋದು, ಉರಿ ತಣಿಸೋದು ಅವುಗಳ ಕೆಲಸ. ಒಳ್ಳೇವೇ ಪಾಪ. ಆದ್ರೆ ಗೆಡ್ಡೆ ಪಕ್ಕ ಇದ್ದೂ ಇದ್ದೂ ಅವಕ್ಕೂ ಬುದ್ಧಿ ಕೆಡುತ್ತೆ. ಗೆಡ್ಡೆ ಮೇಲೆ ಬೀಳೋಕೆ ಬಂದ ಕಾವಲು ಕಣಗಳಿಗೆ 'ಇಲ್ಲೇನೂ ಆಗಿಲ್ಲ, ಸುಮ್ನೆ ಕೂತ್ಕೊಳ್ಳಿ' ಅಂತಾವಂತೆ. ಕೆಲವು ಕಾವಲಿನವು ಗೆಡ್ಡೆಗೇ ಚಾಕರಿ ಮಾಡೋಕೆ ನಿಲ್ತವಂತೆ. ಏನು ಹೇಳಿ ಒಲಿಸ್ಕೊಳ್ತವೆ ಅಂತ ಗೊತ್ತಾಗಬೇಕಂದ್ರೆ ಅವು ಬದುಕಿರಬೇಕು. ಸತ್ತವರ ಹತ್ರ ಏನು ಕೇಳ್ತೀರಿ?"

ಹೊಸದಾಗಿ ಬಂದ ಆಡಳಿತಾಧಿಕಾರಿಗೆ, ಒಬ್ಬ ಅಟೆಂಡರ್ ಬಾಗಿಲ ಬಳಿ ಬರೀ ನಿಂತಿರುವುದು ಕಣ್ಣಿಗೆ ಬಿತ್ತು. ಮೂರು ವಾರದ ಹಿಂದೆ ಇವರನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಬಾಟಲಿಯನ್ನು ಥಿಯೇಟರಿನವರೇ ತುಂಬಿ ಕಳಿಸಲಿ ಎಂದರು. ಥಿಯೇಟರಿನ ಕೈಗಳಿಗೋ ಒಂದು ಹಳೆಯ ರೂಢಿ. ದೇಹದಿಂದ ಏನೇ ಹೊರಬರಲಿ, ಕೆಡಬಾರದೆಂದು ನೇರ ಫಾರ್ಮಲಿನ್ನಿಗೆ. ಅದು ಆಕಾರವನ್ನು ಉಳಿಸುತ್ತದೆ, ಜೀವವನ್ನು ಅಲ್ಲ. ಮೊದಲ ವಾರವೇ ಮೂವರು ಹೆಂಗಸರ ಕೊಬ್ಬು ಕೆಳಗೆ ಬಂದಾಗ ಮೂಗಿಗೆ ರಪ್ಪೆಂದು ಬಡಿಯಿತು ಆ ವಾಸನೆ. ಮೇಡಂ ಮುಚ್ಚಳ ತೆಗೆದವರು ಹಾಗೇ ಮುಚ್ಚಿದರು.

"ಯಾರನ್ನ ಬೈಯೋದು? ಬೇಕಂತ ಯಾರೂ ಮಾಡಿಲ್ಲ. ಕೈ ತಾನಾಗೇ ಆ ಕಡೆ ಹೋಗುತ್ತೆ. ಆ ಕೈ ತಡೆಯೋಕೆ ಅಂತಲೇ ನಾನಿದ್ದೆ" ಎನ್ನುತ್ತಾರೆ ಅಕ್ಕ. ಆ ವಾರ ಕಳೆದ ಮಾರನೇ ದಿನದಿಂದ ಇವರು ಬಟ್ಟೆಯ ಪಾಳಿ ಶುರುವಾಗುವ ಎಂಟು ಗಂಟೆಗೆ ಮೊದಲು ಬಂದು ನಿಲ್ಲುತ್ತಿದ್ದಾರೆ. ಆಪರೇಷನ್ ಎಂಟು ದಾಟಿದರೆ ಬಟ್ಟೆ ಕಾಯುತ್ತದೆ. ಎರಡು ಮೆಮೋ ಆಗಿವೆ.

ಇವತ್ತು ಒಳಗಿರುವವರು ಬಸ್ ಕಂಡಕ್ಟರ್. ನಿನ್ನೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, "ನಂದು ಕಸಕ್ಕೆ ಹೋಗೋದು ಬೇಡ ಅಕ್ಕ, ಯಾರಿಗಾದ್ರೂ ಆಗಲಿ" ಅಂದಿದ್ದಾರೆ. ಅಕ್ಕ "ಆಗಲಿ" ಅಂದಿದ್ದಾರೆ. ಅಂದ ಮೇಲೆ ಮುಗಿಯಿತು.

ಎಂಟೂಕಾಲಿಗೆ ಆಡಳಿತಾಧಿಕಾರಿಯೇ ಮೆಟ್ಟಿಲು ಹತ್ತಿ ಬರುತ್ತಾರೆ.

"ಏನಮ್ಮ, ಮತ್ತೆ ಇಲ್ಲೇ? ಕೆಳಗೆ ಬಟ್ಟೆ ರಾಶಿ ಬಿದ್ದಿದೆ."

"ಬಟ್ಟೆ ಮಧ್ಯಾಹ್ನ ಒಗೆದ್ರೂ ಬಟ್ಟೆನೇ ಸಾರ್. ಇದು ಹಾಗಲ್ಲ."

"ಆದೇಶ ಅಂದ್ರೆ ಆಟ ಅಂದ್ಕೊಂಡ್ರಾ? ಈಗಲೇ ಲಿಖಿತ ವಿವರಣೆ ಕೊಡಿ. ಇಲ್ಲ, ನಾಳೆ ಕೆಲಸಕ್ಕೇ ಬರಬೇಡಿ."

ಅಷ್ಟರಲ್ಲಿ ಬಾಗಿಲು ಅರ್ಧ ತೆರೆಯುತ್ತದೆ. ಸಿಸ್ಟರ್ ಕೈಯಲ್ಲಿ ಸ್ಟೀಲ್ ಬಟ್ಟಲು. ಇನ್ನೊಂದು ಕೈ ಆಗಲೇ ಟ್ರಾಲಿಯ ಮೇಲಿನ ಫಾರ್ಮಲಿನ್ ಡಬ್ಬಿಯ ಮುಚ್ಚಳದ ಮೇಲಿದೆ. ಅಕ್ಕ ಅಧಿಕಾರಿಯನ್ನು ದಾಟಿ ತಮ್ಮ ಬಾಟಲಿಯನ್ನು ಮುಂದೆ ಹಿಡಿಯುತ್ತಾರೆ.

"ಸಿಸ್ಟರ್, ಇದರೊಳಗೆ."

"ಅಯ್ಯೋ, ಕೈ ಮತ್ತೆ ಅಲ್ಲಿಗೇ ಹೋಯ್ತು ನೋಡಿ ಅಕ್ಕ" ಎಂದು ಸಿಸ್ಟರ್ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹಳದಿ ಕೊಬ್ಬು ಗುಲಾಬಿ ದ್ರವದಲ್ಲಿ ತೇಲುತ್ತದೆ. ಅಧಿಕಾರಿ ಡಬ್ಬಿಯನ್ನೂ ಬಾಟಲಿಯನ್ನೂ ನೋಡುತ್ತಾರೆ. ಅಕ್ಕ ಆಗಲೇ ಮೆಟ್ಟಿಲ ಮೇಲಿದ್ದಾರೆ.

ಬಾಟಲಿ ಮೇಡಂ ಕೈ ಸೇರಿದ ಮೇಲೆ, ಅಲ್ಲೇ ಒಂದು ಹಾಳೆ ಕೇಳಿ ಪಡೆದು ವಿವರಣೆ ಬರೆಯುತ್ತಾರೆ. ನಾಲ್ಕನೇ ತರಗತಿಯ ಅಕ್ಷರ, ದಪ್ಪ ದಪ್ಪ. "ನಾನು ಇಲ್ಲದ ವಾರ ಮೂರು ಸತ್ತವು. ನಾನು ನಿಂತ ಮೇಲೆ ಒಂದೂ ಸತ್ತಿಲ್ಲ."

ಮತ್ತೇನೂ ಸೇರಿಸುವುದಿಲ್ಲವೇ ಎಂದು ಮೇಡಂ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಕ್ಷಮೆಯ ಮಾತು?

"ತಪ್ಪು ಮಾಡಿದ್ರೆ ತಾನೆ. ಬೇಕಾದ್ರೆ ನನ್ನ ಜಾಗಕ್ಕೆ ಇನ್ನೊಬ್ಬರನ್ನ ನಿಲ್ಲಿಸ್ಲಿ, ಎಲ್ಲಾ ಹೇಳ್ಕೊಟ್ಟು ನಗ್ತಾ ಹೋಗಿ ಬಟ್ಟೆ ಒಗೀತೀನಿ. ಖಾಲಿ ಬಾಗಿಲು ಮಾತ್ರ ಬಿಟ್ಟು ಹೋಗಲ್ಲ."

ಹಾಳೆ ಮಡಚಿ ಎದ್ದು ನಿಲ್ಲುತ್ತಾರೆ. ಅಧಿಕಾರಿಯ ಕೊಠಡಿ ಎರಡನೇ ಮಹಡಿಯಲ್ಲಿದೆ. ಕೊಡಲು ತಾವೇ ಹೊರಡುತ್ತಾರೆ.